ಗಂಟೆಯ ಪಾಳಿ

ಮೊದಲ ವರ್ಷ ನನ್ನ ಮೇಜಿನ ಡ್ರಾವರಿನಲ್ಲಿ
ಪೆಪ್ಪರ್‌ಮಿಂಟಿನ ಡಬ್ಬಿಯಿತ್ತು.
ಕಾಗುಣಿತ ತಪ್ಪದವರಿಗೆ ಒಂದು,
ಹದಿನಾರರ ಮಗ್ಗಿಯಲ್ಲಿ ಎಡವದವರಿಗೆ ಎರಡು.
ಮುಚ್ಚಳದ ಸದ್ದಿಗೆ ಮೂವತ್ತಾರು ಕುತ್ತಿಗೆ
ಒಟ್ಟಿಗೇ ತಿರುಗುತ್ತಿದ್ದವು,
ದಕ್ಕೆಯಲ್ಲಿ ಬುಟ್ಟಿ ಇಳಿಸಿದಾಗ ಕಾಗೆಗಳ ಹಾಗೆ.
ನಾನದನ್ನು ಕಲಿಕೆ ಎಂದುಕೊಂಡಿದ್ದೆ.

ಬಿಸಿಯೂಟದ ಬುದವಂತಿ ಒಂದು ದಿನ
ಬಾಗಿಲಲ್ಲಿ ನಿಂತು ಹೇಳಿದಳು, ಕೈಯಲ್ಲಿ ಸಾರಿನ ಸೌಟು:
"ಅಕ್ಕೋರೆ, ಅನ್ನ ಬಡಿಸೂವಾಗ ಮಗ್ಗಿ ಕೇಳೂದಿಲ್ಲ ನಾನು.
ಲೆಕ್ಕ ಬರದವ್ನಿಗೂ ಮೊಟ್ಟೆ ಒಂದೇ."
ನಕ್ಕು ಸುಮ್ಮನಾದೆ.
ಆ ರಾತ್ರಿ ನಿದ್ದೆ ಬರಲಿಲ್ಲ ಅಂತೇನಲ್ಲ, ಬಂತು.
ಸೋಮವಾರ ಡ್ರಾವರು ಎಳೆದರೆ
ಡಬ್ಬಿಯ ತುಂಬ ಕೆಂಪಿರುವೆ.
ಬಾವಿಕಟ್ಟೆಯಲ್ಲಿ ತೊಳೆದು ಸೀಮೆಸುಣ್ಣ ತುಂಬಿಸಿದೆ.

ಇನ್ನೇನು ಕೊಡಲಿ? ಮಕ್ಕಳನ್ನೇ ಕೇಳಿದೆ,
ತಿನ್ನುವಂಥದ್ದು ಬಿಟ್ಟು.
ಸಾನಿಕಾಳಿಗೆ ನನ್ನ ಕುರ್ಚಿ ಬೇಕಂತೆ, ಹಾಜರಿ ಪುಸ್ತಕವೂ;
ಕೊನೆಗೆ ನನ್ನ ಹೆಸರು ಕರೆಯುತ್ತಾಳೆ,
ನಾನು ಎದ್ದು ನಿಂತು "ಹಾಜರ್" ಅನ್ನಬೇಕು.
ಅಲ್ಫಿಯಾಗೆ ಕಿಟಕಿಯ ಜಾಗ,
ಬೆನ್ನ ಮೇಲೆ ಲಾರಿ ಹೊತ್ತ ರೈಲು ಹಾಯುವಾಗ
ಲಾರಿ ಎಣಿಸುವುದಕ್ಕೆ.
ಸುಕ್ರುವಿಗೆ ಕೆಂಪು ಶಾಯಿಯ ಸಹಿ,
ಪಟ್ಟಿಯಲ್ಲಲ್ಲ, ಬಲ ಅಂಗೈಯಲ್ಲಿ.
ಅಳಿಸೀತೆಂದು ಕೈ ತೊಳೆಯದೆ ಚಮಚ ಬೇಡಿದ;
ಬುದವಂತಿ ಮತ್ತೆ ಬಂದಳು, ಸೌಟು ಹಿಡಿದು.

ತನಿಖೆಗೆ ಬಂದ ಸಿ.ಆರ್.ಪಿ. ನಮೂನೆ ಚಾಚಿದರು:
"ಪ್ರೋತ್ಸಾಹಕ್ಕೆ ತಗುಲಿದ ವೆಚ್ಚ?"
ಸೊನ್ನೆ ಬರೆದೆ.
"ಸೊನ್ನೆ ಹಾಕಿದರೆ ಕಂಪ್ಯೂಟರ್ ತಗೊಳ್ಳೂದಿಲ್ಲ ಮೇಡಂ."
ಒಂದು ರೂಪಾಯಿ ಎಂದು ತಿದ್ದಿದೆ, ಶಾಯಿಗೆ.

ಎಲ್ಲರೂ ಕಾಯುತ್ತಿದ್ದುದು ಮಾತ್ರ ಸಂಜೆಯ ಗಂಟೆಗೆ.
ನಮ್ಮದು ಗಂಟೆಯಲ್ಲ, ಲಾಂಚಿನ ಹಿತ್ತಾಳೆ ಫ್ಯಾನು,
ಮೂರು ಎಸಳಲ್ಲಿ ಒಂದು ಮುರಿದದ್ದು.
ನೌಕಾನೆಲೆಗೆ ಜಾಗ ಬಿಟ್ಟು ಈ ಕಾಲನಿಗೆ ಬರುವಾಗ
ಹಳೆಯ ಶಾಲೆಯಿಂದ ಹೊತ್ತು ತಂದರಂತೆ,
ಬೆಂಚು ಬಿಟ್ಟು, ಬೋರ್ಡು ಬಿಟ್ಟು.
ಹೊಡೆದರೆ ಸದ್ದು ಹಳಿ ದಾಟಿ ಹೋಗುತ್ತದೆ,
ನಿಂತ ಮೇಲೂ ಮೊಣಕೈಯೊಳಗೆ ಜುಮುಗುಡುತ್ತದೆ.

ಪುಂಡಲೀಕ ಹರಿಕಂತ್ರನ ಪಾಳಿ ಬಂದದ್ದು ಜನವರಿಯಲ್ಲಿ.
ಏನೂ ಗೆದ್ದಿರಲಿಲ್ಲ.
ಕಳೆಯುವ ಲೆಕ್ಕದಲ್ಲಿ ಪಕ್ಕದ ಮನೆಯ ದಶಕವನ್ನು
ಏಳು ಸಲ ತಂದು ಅಳಿಸಿ
ಎಂಟನೆಯ ಸಲ, ಹಾಳೆ ಹರಿಯುವ ಮೊದಲು,
ಸರಿಯಾಗಿ ತಂದಿದ್ದ.

ನಾಲ್ಕೂ ಇಪ್ಪತ್ತು. ಕಬ್ಬಿಣದ ಸರಳು ಹಿಡಿದು ನಿಂತ.
ಚೀಲಗಳೆಲ್ಲ ಹೆಗಲಿಗೇರಿವೆ, ಚಪ್ಪಲಿ ಕಾಲಲ್ಲಿವೆ.
"ಹೊಡಿಯೋ! ಹೊಡಿಯೋ ಮಾರಾಯ!"
ಅವನು ಹೊಡೆಯಲೊಲ್ಲ.
ಮುರಿದ ಎಸಳ ಅಂಚನ್ನು ಹೆಬ್ಬೆರಳಿಂದ ಸವರುತ್ತಾನೆ,
ಸರಳು ಈ ಕೈಯಿಂದ ಆ ಕೈಗೆ ಬದಲಿಸುತ್ತಾನೆ.
ಹತ್ತಿರ ಹೋದೆ. ಮುಖ ಎತ್ತದೆ ಅಂದ:
"ಆಯಿ ಬರೂದು ಆರರ ಟೆಂಪೊಕ್ಕೆ.
ಕೀಲಿ ಆಯಿ ಹತ್ರ."
ಅಂಕೋಲೆ ಪೇಟೆಯಲ್ಲಿ ಮೀನು ಖಾಲಿಯಾಗದ ದಿನ
ಏಳೂ ಆಗ್ತದೆ ಅಂದಳು ಸಾನಿಕಾ,
ಯಾರೂ ಕೇಳದೆ.

ಇಷ್ಟು ದಿನ ಅವನಿಗೆ ಈ ಸದ್ದು ಏನಾಗಿ ಕೇಳಿಸಿತ್ತೋ.
ಅದನ್ನೇ ಅವನ ಕೈಗೆ ಕೊಟ್ಟಿದ್ದೆ,
ಬಹುಮಾನ ಎಂದು.

ಕೊನೆಗೆ ಹೊಡೆದ. ಒಂದೇ ಪೆಟ್ಟು,
ಮಾಡಿನ ಪಾರಿವಾಳ ಕೂಡ ಏಳದ ಹಾಗೆ.
ಅಷ್ಟೇ ಸಾಕಾಯಿತು, ಅಂಗಳ ಬರಿದು.
ತಿದ್ದಿ ಮುಗಿದಿದ್ದ ಪಟ್ಟಿಗಳ ಕಟ್ಟನ್ನು
ನಾನು ಮತ್ತೆ ಬಿಚ್ಚಿದೆ.
ಅವನು ಕೇಳದೆಯೇ ಡಬ್ಬಿ ತೆಗೆದು
ಸೀಮೆಸುಣ್ಣದ ತುಂಡುಗಳನ್ನು
ಉದ್ದದಿಂದ ಗಿಡ್ಡಕ್ಕೆ ಜೋಡಿಸುತ್ತ ಕೂತ.
ಒಮ್ಮೆ ಮುಚ್ಚಳ ಮೂಸಿ,
"ಇನ್ನೂ ಪೆಪ್ಪರ್‌ಮಿಂಟ್ ವಾಸ್ನೆ ಅದೆ ಅಕ್ಕೋರೆ" ಅಂದ.

ಐದೂವರೆಗೆ ರೈಲು ಬಂತು, ಲಾರಿಗಳನ್ನು ಹೊತ್ತು.
ಇಬ್ಬರೂ ಕಿಟಕಿಯಲ್ಲಿ ನಿಂತು ಎಣಿಸಿದೆವು.
ನನಗೆ ನಲವತ್ತು, ಅವನಿಗೆ ನಲವತ್ತೊಂದು.
ನಾನು ನಡುವೆ ಒಮ್ಮೆ ಅವನ ಕಡೆ ನೋಡಿದ್ದೆ,
ಆಗ ಒಂದು ತಪ್ಪಿರಬೇಕು.